ಹದಿನೆಂಟರ ಗೆರೆ, ಮನೆಯ ಹೊಸ್ತಿಲು

ನವಿ ಮುಂಬಯಿಯ ತುರ್ಭೆಯ ಎಪಿಎಂಸಿ ಮಾರುಕಟ್ಟೆ, ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು, ಗುಡ್ಡದಂಚಿನ ಕಲ್ಲುಗಣಿಗಳು ಇವುಗಳ ಆಸರೆಯಲ್ಲಿ ಬೆಳೆದ ವಸತಿಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಸಂಸಾರಗಳೂ ಇವೆ. ಹತ್ತಡಿ ಅಗಲದ ಒಂದು ಖೋಲಿಯಲ್ಲಿ ಗಂಡ, ಹೆಂಡತಿ, ಮಕ್ಕಳ ಜೊತೆಗೆ ಕೆಲಸ ಹುಡುಕಿ ಬಂದ ಊರಿನವನು, ಅಕ್ಕನ ಬಾಣಂತನಕ್ಕೆಂದು ಬಂದು ಉಳಿದ ತಂಗಿ, ಶಾಲೆ ಬಿಡಿಸಿ ಕರೆತಂದ ಸೋದರಸೊಸೆ ಇವರೆಲ್ಲ ಕೂಡಿ ಬಾಳುವುದು ಇಲ್ಲಿ ವಿಶೇಷವಲ್ಲ. ಬಡತನ ಮತ್ತು ಬಾಡಿಗೆ ಸೇರಿ ಮಾಡಿದ ಏರ್ಪಾಡು ಇದು. ಆ ಖೋಲಿಗಳಲ್ಲಿ ಬಹುಪಾಲು ಜನ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಬದುಕುತ್ತಾರೆ ಎಂಬುದನ್ನು ಮೊದಲೇ ಹೇಳಬೇಕು. ಆದರೂ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಬೆಳೆದ ಗಂಡಸಿನೊಂದಿಗೆ ಒಂದೇ ಸೂರಿನಡಿ ಮಲಗೇಳುವ ಹದಿನಾಲ್ಕರ ಹುಡುಗಿಗೆ ಕಾನೂನು ಯಾವ ರಕ್ಷಣೆ ಕೊಟ್ಟಿದೆ? ಅದೇ ಓಣಿಯ ಹದಿನೇಳರ ಹುಡುಗಿ ಹತ್ತೊಂಬತ್ತರ ಹುಡುಗನನ್ನು ಮೆಚ್ಚಿ ಹೊರಟುಹೋದರೆ ಕಾನೂನು ಏನು ಮಾಡುತ್ತದೆ? ಇಬ್ಬರೂ ಒಂದೇ ಕಾನೂನಿನ ಕೆಳಗೆ ಬರುತ್ತಾರೆ. ಆದರೆ ಒಬ್ಬಳ ಸಂಕಟ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ, ಇನ್ನೊಬ್ಬಳ ಒಲವು ಮರುದಿನವೇ ಎಫ್‌ಐಆರ್ ಆಗುತ್ತದೆ.

ಭಾರತದಲ್ಲಿ ಲೈಂಗಿಕ ಸಮ್ಮತಿಯ ವಯಸ್ಸು ಈಗ 18. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳು. ಮಗುವಿನ ಒಪ್ಪಿಗೆ ಕಾನೂನಿನ ಕಣ್ಣಿಗೆ ಒಪ್ಪಿಗೆಯೇ ಅಲ್ಲ. 2013ರ ತಿದ್ದುಪಡಿ ದಂಡ ಸಂಹಿತೆಯಲ್ಲೂ ಅದೇ ಗೆರೆ ಎಳೆಯಿತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಅದನ್ನೇ ಉಳಿಸಿಕೊಂಡಿತು. 2019ರ ತಿದ್ದುಪಡಿಯ ನಂತರ ಗಂಭೀರ ಅಪರಾಧಕ್ಕೆ ಕನಿಷ್ಠ ಶಿಕ್ಷೆ 10 ವರ್ಷ, ಉಲ್ಬಣಿಸಿದ ಸ್ವರೂಪದ ಅಪರಾಧಕ್ಕೆ 20 ವರ್ಷ. ಈ ಉಲ್ಬಣಿಸಿದ ಸ್ವರೂಪ ಯಾವುದೆಂದು ಹೇಳುವ 5ನೇ ಕಲಂ ರಕ್ತಸಂಬಂಧಿ, ಪೋಷಕ, ದತ್ತು ಪಡೆದವ, ಶಿಕ್ಷಕ, ವಸತಿಗೃಹದ ಸಿಬ್ಬಂದಿ ಮಾತ್ರವಲ್ಲದೆ ಮಗುವಿನ ಜೊತೆ ಒಂದೇ ಮನೆಯಲ್ಲಿ ವಾಸಿಸುವ ಯಾರನ್ನೇ ಆದರೂ ಸ್ಪಷ್ಟವಾಗಿ ಹೆಸರಿಸುತ್ತದೆ. ಅಂದರೆ ಒಂದೇ ಸೂರಿನಡಿ ಹುಟ್ಟುವ ಅಧಿಕಾರವನ್ನು ಶಾಸನ ಬರೆದವರು ಬಲ್ಲವರಾಗಿದ್ದರು. ಆ ತಿಳಿವಳಿಕೆ ಕಾಯ್ದೆಯ ಪುಟದಲ್ಲೇ ಉಳಿದು, ನಡೆಯುವ ಮೊಕದ್ದಮೆಗಳಲ್ಲಿ ವಯಸ್ಸಿನ ಅಂಕಿ ಒಂದೇ ಮೆರೆಯುತ್ತಿರುವುದು ನಮ್ಮ ಕಾಲದ ದೊಡ್ಡ ಲೋಪ. ಈ ಲೇಖನದ ವಾದ ಇಷ್ಟು: ಹದಿನೆಂಟರ ಗೆರೆ ಬೇಕು; ಆದರೆ ಅಪರಾಧವನ್ನು ತೂಗುವಾಗ ಆ ಅಂಕಿಯ ಜೊತೆಗೆ ಇಬ್ಬರ ನಡುವಿನ ವಯಸ್ಸಿನ ಅಂತರ ಮತ್ತು ಅವಲಂಬನೆ ಎರಡನ್ನೂ ನೋಡಲೇಬೇಕು.

ಈ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬ ಚರಿತ್ರೆಯಲ್ಲೇ ವಾದದ ಬೇರಿದೆ. 1860ರ ದಂಡ ಸಂಹಿತೆ ಇಟ್ಟ ವಯಸ್ಸು 10. ಮುಂಬಯಿಯ ಪಾರ್ಸಿ ಪತ್ರಕರ್ತ ಬೆಹರಾಮ್‌ಜಿ ಮಲಬಾರಿ 1884ರಲ್ಲಿ ಬಾಲ್ಯವಿವಾಹದ ವಿರುದ್ಧ ಟಿಪ್ಪಣಿಗಳನ್ನು ಪ್ರಕಟಿಸಿ ಚರ್ಚೆ ಎಬ್ಬಿಸಿದ. ಅದೇ ವರ್ಷ ರಖಮಾಬಾಯಿಯ ಮೊಕದ್ದಮೆ ಮುಂಬಯಿ ಹೈಕೋರ್ಟಿಗೆ ಬಂತು. ಹನ್ನೊಂದನೇ ವಯಸ್ಸಿನಲ್ಲಿ ಮದುವೆಯಾಗಿ ತವರಿನಲ್ಲೇ ಬೆಳೆದ ಆಕೆ, ತಾನು ಒಪ್ಪದ ಮದುವೆಗಾಗಿ ಗಂಡನ ಮನೆಗೆ ಹೋಗುವುದಿಲ್ಲ ಎಂದಳು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪಿತ್ತರು. 1887ರಲ್ಲಿ ಇನ್ನೊಂದು ಪೀಠ, ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳ ಸೆರೆಗೆ ಹೋಗು ಎಂದಾಗ ಆಕೆ ಸೆರೆಯೇ ಆಗಲಿ ಎಂದಳು. 1888ರಲ್ಲಿ ಹಣ ಕೊಟ್ಟು ರಾಜಿಯಾಯಿತು, ಮುಂದೆ ಆಕೆ ಲಂಡನ್ನಿನಲ್ಲಿ ಓದಿ ವೈದ್ಯೆಯಾದಳು. ಕಲ್ಕತ್ತೆಯ ಫೂಲಮಣಿ ದಾಸಿಗೆ ಆ ಅದೃಷ್ಟವಿರಲಿಲ್ಲ. ಹನ್ನೊಂದರ ಆ ಹುಡುಗಿ 1889ರಲ್ಲಿ ಗಂಡನ ಬಲಾತ್ಕಾರದಿಂದ ರಕ್ತಸ್ರಾವವಾಗಿ ಸತ್ತಳು. ಅವಳಿಗೆ ಹತ್ತು ದಾಟಿತ್ತು ಎಂಬ ಕಾರಣಕ್ಕೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ, ಗಂಡನಿಗೆ ಆದದ್ದು ಒಂದು ವರ್ಷದ ಸಜೆ. ಆ ಸಾವಿನ ಒತ್ತಡದಿಂದ 1891ರ ಮಾರ್ಚ್ 19ರಂದು ಸಮ್ಮತಿ ವಯೋ ಕಾಯ್ದೆ ಅಂಗೀಕಾರವಾಗಿ ವಯಸ್ಸು 12ಕ್ಕೆ ಏರಿತು. ಸುಧಾರಕರಾದ ರಾನಡೆ, ತೆಲಂಗ, ಭಂಡಾರಕರ್ ಅದನ್ನು ಬೆಂಬಲಿಸಿದರು. ತಿಲಕರು ವಿರೋಧಿಸಿದರು, ಸುಧಾರಣೆ ಸಮಾಜದ ಒಳಗಿಂದ ಬರಬೇಕು, ಪರಕೀಯ ಸರ್ಕಾರ ಮನೆಯೊಳಗೆ ಕೈಹಾಕಬಾರದು ಎಂಬುದು ಅವರ ನಿಲುವು. ಮೈನೆರೆದ ಕೂಡಲೇ ಪ್ರಸ್ತ ಮಾಡಬೇಕೆಂಬ ಆಚಾರಕ್ಕೆ ಧಕ್ಕೆ ಬರುತ್ತದೆ ಎಂದು ಕೂಗೆದ್ದಿತು. ಆ ಇಡೀ ಗದ್ದಲದಲ್ಲಿ ಧರ್ಮ, ರಾಷ್ಟ್ರ, ಮನೆತನದ ಮರ್ಯಾದೆ ಎಲ್ಲವೂ ಮಾತಾಡಿದವು. ಹನ್ನೆರಡು ವರ್ಷದ ಹುಡುಗಿಯರ ದನಿ ಮಾತ್ರ ಕೇಳಿಸಲಿಲ್ಲ.

ಮೂರು ವರ್ಷದ ನಂತರ ಮೈಸೂರು ಸಂಸ್ಥಾನ ತಾನೇ ಒಂದು ಹೆಜ್ಜೆ ಇಟ್ಟಿತು. 1894ರ ಶಿಶುವಿವಾಹ ತಡೆ ಶಾಸನ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಇಂದಿನ ಅಳತೆಗೆ ಇದು ತೀರಾ ಅಲ್ಪ. ಆದರೆ ಅದೇ ಶಾಸನದಲ್ಲಿದ್ದ ಇನ್ನೊಂದು ಮಾತು ಇವತ್ತಿಗೂ ಪಾಠವಾಗಬಲ್ಲದು: ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಕೂಡದು. ಹುಡುಗಿಯ ವಯಸ್ಸನ್ನಷ್ಟೇ ಎಣಿಸದೆ ಗಂಡಸಿನ ವಯಸ್ಸನ್ನೂ ಎದುರಿಗಿಟ್ಟು ಅಳೆದ ಕಾನೂನು ಕನ್ನಡ ನಾಡಿನಲ್ಲಿ ನೂರಮೂವತ್ತು ವರ್ಷದ ಹಿಂದೆಯೇ ಇತ್ತು. ಆಮೇಲೆ ಬ್ರಿಟಿಷ್ ಭಾರತದಲ್ಲಿ ಅಂಕಿ ಮಾತ್ರ ಏರುತ್ತ ಹೋಯಿತು. 1925ರಲ್ಲಿ ಮದುವೆಯ ಹೊರಗೆ 14, ಮದುವೆಯೊಳಗೆ 13. 1929ರ ಶಾರದಾ ಕಾಯ್ದೆಯಲ್ಲಿ ಹುಡುಗಿಯ ಮದುವೆಯ ವಯಸ್ಸು 14. 1940ರಲ್ಲಿ ಸಮ್ಮತಿಯ ವಯಸ್ಸು 16. 1978ರಲ್ಲಿ ಮದುವೆಯ ವಯಸ್ಸು ಹುಡುಗಿಗೆ 18, ಹುಡುಗನಿಗೆ 21. ಹೀಗೆ ಸಮ್ಮತಿಗೆ 16 ಎಂಬ ಗೆರೆ 72 ವರ್ಷ ನಿಂತಿತ್ತು. ಆದರೆ ಆ ಅವಧಿಯುದ್ದಕ್ಕೂ ಕಾನೂನಿನಲ್ಲಿ ಒಂದು ದೊಡ್ಡ ಬಿರುಕಿತ್ತು: ಹೆಂಡತಿಗೆ 15 ತುಂಬಿದ್ದರೆ ಗಂಡನ ಬಲಾತ್ಕಾರ ಅತ್ಯಾಚಾರವೇ ಅಲ್ಲ. 2017ರ ಅಕ್ಟೋಬರ್ 11ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅದನ್ನು 18ಕ್ಕೆ ಏರಿಸುವವರೆಗೂ ಮನೆಯ ಹೊಸ್ತಿಲೊಳಗೆ ಒಂದು ಕಾನೂನು, ಹೊರಗೆ ಇನ್ನೊಂದು ಎಂಬ ಸ್ಥಿತಿ ಇತ್ತು. ಶಾಸನದಲ್ಲಿ ಆ ಭೇದ ಅಳಿಯಿತು, ಆಚರಣೆಯಲ್ಲಿ ಅಳಿದಿಲ್ಲ.

ಆಚರಣೆ ಹೇಗಿದೆ ಎಂಬುದಕ್ಕೆ ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಆಧಾರ. ಮಹಾರಾಷ್ಟ್ರ, ಅಸ್ಸಾಂ, ಪಶ್ಚಿಮ ಬಂಗಾಳದಲ್ಲಿ 2016ರಿಂದ 2020ರವರೆಗೆ ಹೊರಬಿದ್ದ 7,064 ಪೋಕ್ಸೊ ತೀರ್ಪುಗಳನ್ನು ಓದಿದಾಗ 1,715 ಪ್ರಕರಣಗಳು, ಅಂದರೆ ಸುಮಾರು ನಾಲ್ಕರಲ್ಲಿ ಒಂದು, ಪ್ರೇಮ ಸಂಬಂಧದವು ಎಂದು ಕಂಡಿತು. ಹೆಚ್ಚಿನವುಗಳಲ್ಲಿ ದೂರು ಕೊಟ್ಟವರು ಹುಡುಗಿಯ ತಂದೆತಾಯಿ ಅಥವಾ ಬಂಧುಗಳು. ಶೇ 90ಕ್ಕೂ ಹೆಚ್ಚು ಪ್ರಕರಣಗಳು ಬಿಡುಗಡೆಯಲ್ಲಿ ಮುಗಿದವು. ಕರ್ನಾಟಕದ ಅನುಭವವೂ ಇದೇ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದ ಮೇಲ್ಮನವಿಯಲ್ಲಿ ಹದಿನೇಳರ ಹುಡುಗಿ ಹುಡುಗನೊಂದಿಗೆ ಹೊರಟುಹೋಗಿದ್ದಳು. ಮೇಲ್ಮನವಿ ತೀರ್ಮಾನವಾಗುವ ಹೊತ್ತಿಗೆ ಅವರು ಮದುವೆಯಾಗಿ ಮಕ್ಕಳ ತಂದೆತಾಯಿ ಆಗಿದ್ದರು. ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿ, ವಯಸ್ಸಿನ ಮಾನದಂಡವನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಹೇಳಿದರು; ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನನ್ನು ತಿಳಿಸಬೇಕು ಎಂದೂ ಹೇಳಿದರು. 2023ರ ಜುಲೈಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಭಾರತಿ ಡಾಂಗ್ರೆ ಸಮ್ಮತಿಯ ವಯಸ್ಸನ್ನು ಮದುವೆಯ ವಯಸ್ಸಿನಿಂದ ಬೇರೆಯಾಗಿ ನೋಡಬೇಕು ಎಂದು ಬರೆದರು. ಬಿಡುಗಡೆಯಾದರೆ ಮುಗಿಯಿತಲ್ಲ ಎನ್ನುವವರಿಗೆ ನಡುವಿನ ವರ್ಷಗಳು ಕಾಣುವುದಿಲ್ಲ. ಹುಡುಗ ಜೈಲಿನಲ್ಲಿ, ಹುಡುಗಿ ಬಾಲಕಿಯರ ಮಂದಿರದಲ್ಲಿ, ವೈದ್ಯಕೀಯ ತಪಾಸಣೆ, ನಿಂತ ಓದು, ಕಳೆದುಕೊಂಡ ಕೆಲಸ ಇವೆಲ್ಲ ತೀರ್ಪಿಗೆ ಮೊದಲೇ ಉಂಡಾದ ಶಿಕ್ಷೆ.

ಇನ್ನು ಹೊಸ್ತಿಲೊಳಗಿನ ಸಂಗತಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ನಡೆಸಿದ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದಾಗಿ ಹೇಳಿದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದ್ದವರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪೋಕ್ಸೊ ಅಂಕಿಅಂಶದಲ್ಲೂ ವರ್ಷ ವರ್ಷ ಶೇ 90ಕ್ಕಿಂತ ಹೆಚ್ಚು ಆರೋಪಿಗಳು ಪರಿಚಿತರೇ. ಆದರೆ ಅನ್ನ ಹಾಕುವವನ ಮೇಲೆ ದೂರು ಕೊಡಲು ಯಾರು ಹೋಗಬೇಕು? ಮಗು ಹೋಗಲಾರದು. ತಾಯಿ ಹೋದರೆ ಬಾಡಿಗೆ ಕಟ್ಟುವ ಕೈ ನಿಲ್ಲುತ್ತದೆ, ಊರಿನಲ್ಲಿ ಮಾತು ಹಬ್ಬುತ್ತದೆ, ಗೊತ್ತಿಲ್ಲದ ಭಾಷೆಯ ಠಾಣೆಯಲ್ಲಿ ನಿಲ್ಲಬೇಕಾಗುತ್ತದೆ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಆರೋಪಿ ಮಗುವಿನ ಮನೆಯಲ್ಲೇ ಇರುವವನಾದರೆ ಮಗುವನ್ನು ಬೇರೆಡೆ ಇರಿಸಬೇಕೇ ಎಂಬುದನ್ನು 2020ರ ನಿಯಮಗಳ ಪ್ರಕಾರ ಸಮಿತಿ ಮೂರು ದಿನದೊಳಗೆ ನಿರ್ಧರಿಸಬೇಕು. ಏರ್ಪಾಡು ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬೇರೆಡೆ ಎಂದರೆ ಎಲ್ಲಿಗೆ ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಒಂದೇ: ಮಗುವನ್ನೇ ಮನೆಯಿಂದ ಹೊರಡಿಸಿ ಸಂಸ್ಥೆಯೊಂದಕ್ಕೆ ಸೇರಿಸುವುದು. ತಪ್ಪು ಮಾಡಿದವನು ಉಳಿದು ಮಗು ಹೊರಹೋಗುವ ಈ ಕ್ರಮವೇ ತಾಯಂದಿರ ಬಾಯಿ ಕಟ್ಟುತ್ತದೆ.

ಮನೆಯ ಬದಲು ಸಂಸ್ಥೆ ಎಂದಾಗಲೂ ಅಲ್ಲಿರುವವರು ಬೆಳೆದವರೇ ಎಂಬುದನ್ನು ಮರೆಯಬಾರದು. ತುರ್ಭೆಯಿಂದ ದೂರವಿಲ್ಲದ ಕಳಂಬೋಲಿಯ ಆಶ್ರಯಧಾಮದಲ್ಲಿ ಬುದ್ಧಿಮಾಂದ್ಯ ಹುಡುಗಿಯರ ಮೇಲೆ ನಡೆದ ದೌರ್ಜನ್ಯ 2011ರಲ್ಲಿ ಬೆಳಕಿಗೆ ಬಂದು, 2013ರಲ್ಲಿ ನಡೆಸುವವರಿಗೇ ಶಿಕ್ಷೆಯಾಯಿತು. ತುರ್ಭೆ ಇರುವ ಠಾಣೆ ಜಿಲ್ಲೆಯದೇ ಆದ ಬದ್ಲಾಪುರದ ಶಾಲೆಯಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲಿನ ದೌರ್ಜನ್ಯದ ದೂರು ದಾಖಲಿಸಲು ತಂದೆತಾಯಿ ಗಂಟೆಗಟ್ಟಲೆ ಕಾದದ್ದರಿಂದ 2024ರ ಆಗಸ್ಟ್ 20ರಂದು ಜನ ರೈಲು ಹಳಿಗಿಳಿದರು. ವಿಷಯ ಮುಚ್ಚಿಟ್ಟ ಆರೋಪ ಶಾಲೆಯ ಆಡಳಿತದ ಮೇಲೂ ಬಂತು. ಕುಟುಂಬದ ಒಪ್ಪಿಗೆಯೇ ಮಗುವಿಗೆ ಕಾವಲು ಎಂಬ ನಂಬಿಕೆಯೂ ಕನ್ನಡ ನಾಡಿನ ಅನುಭವದಲ್ಲಿ ಸುಳ್ಳಾಗಿದೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರನ್ನು ಬೆಳಗಾವಿ, ಬಾಗಲಕೋಟೆ ಸೀಮೆಯಿಂದ ಮುಂಬಯಿಯ ಕಾಮಾಟಿಪುರದವರೆಗೆ ತಂದದ್ದು ಮನೆಯವರ ಸಮ್ಮತಿಯಿಂದಲೇ. ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ತುರ್ಭೆಯ ವೇಶ್ಯಾವಾಟಿಕೆಯಲ್ಲಿ ಬೆಳೆಯುವ ಮಕ್ಕಳು ರಾತ್ರಿ ಹೊತ್ತು ಗಿರಾಕಿಗಳ ನಡುವೆ ಇರದಂತೆ ಪ್ರೇರಣಾ ಸಂಸ್ಥೆ ನಡೆಸುವ ರಾತ್ರಿ ಪಾಲನಾ ಕೇಂದ್ರ ಒಂದು ಸರಳ ಸತ್ಯವನ್ನು ತೋರಿಸಿಕೊಟ್ಟಿದೆ: ಅಪಾಯದ ಹೊತ್ತಿನಲ್ಲಿ ಮಲಗಲು ಸುರಕ್ಷಿತ ಜಾಗ ಸಿಕ್ಕರೆ ಮಗುವನ್ನು ತಾಯಿಯಿಂದ ಶಾಶ್ವತವಾಗಿ ಅಗಲಿಸಬೇಕಾಗಿಲ್ಲ. ಇನ್ನು ಬಾಲ್ಯವಿವಾಹ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಮಹಿಳೆಯರ ಪೈಕಿ 18 ತುಂಬುವ ಮುನ್ನವೇ ಮದುವೆಯಾದವರು ಕರ್ನಾಟಕದಲ್ಲಿ ಶೇ 21.3, ಮಹಾರಾಷ್ಟ್ರದಲ್ಲಿ ಶೇ 21.9. ಇಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧು ಎಂದು ಸಾರಲು ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದಿತು. ಐವರಲ್ಲಿ ಒಬ್ಬಳ ಮಟ್ಟಿಗೆ ಹದಿನೆಂಟರ ಗೆರೆಯನ್ನು ಮನೆಯವರೇ ದಾಟಿಸಿದ್ದಾರೆ. ಅವರ ಮೇಲೆ ಪೋಕ್ಸೊ ಮೊಕದ್ದಮೆ ಬೀಳುವುದು ಅಪರೂಪ. ಅದೇ ಮಗಳು ತಾನಾಗಿ ಒಬ್ಬನನ್ನು ಆರಿಸಿಕೊಂಡರೆ, ಅದರಲ್ಲೂ ಬೇರೆ ಜಾತಿ ಮತದವನನ್ನು, ಆಗ ಕಾಯ್ದೆ ನೆನಪಾಗುತ್ತದೆ.

ವಯಸ್ಸಿನ ಅಂತರ, ಅವಲಂಬನೆಗಳನ್ನೂ ನೋಡಬೇಕು ಎಂಬ ವಾದಕ್ಕೆ ಮೊದಲ ಆಕ್ಷೇಪ ಬಲವಾದದ್ದು: ಒಲವಿನ ಹೆಸರಿನಲ್ಲಿ ಕಿಂಡಿ ತೆರೆದರೆ ಮೋಸಗಾರರು ಅದರಲ್ಲೇ ನುಸುಳುತ್ತಾರೆ. ಡೊಂಬಿವಲಿಯ ಉದಾಹರಣೆ ಕಣ್ಣ ಮುಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ದಾಖಲಾದ ಆ ದೂರಿನ ಪ್ರಕಾರ ಹದಿನೈದರ ಹುಡುಗಿಯ ಗೆಳೆಯನೇ ವಿಡಿಯೊ ಮಾಡಿಟ್ಟುಕೊಂಡು ಬೆದರಿಸಿದ. ತಿಂಗಳುಗಟ್ಟಲೆ ಡೊಂಬಿವಲಿ, ಬದ್ಲಾಪುರ, ಮುರ್ಬಾಡ್, ರಬಾಳೆಯಲ್ಲಿ ಅವಳ ಮೇಲೆ ದೌರ್ಜನ್ಯ ನಡೆಯಿತು. 33 ಮಂದಿಯ ಹೆಸರು ಬಂತು. ಇಂಥದ್ದನ್ನು ನೋಡಿದ ಯಾವ ತಂದೆತಾಯಿ ವಯಸ್ಸು ಇಳಿಸಿ ಎಂದಾರು? ನಾನೂ ಇಳಿಸಿ ಎನ್ನುವುದಿಲ್ಲ. ಹದಿನಾರರ ಕೆಳಗಿನ ಮಗುವಿನ ವಿಷಯದಲ್ಲಿ ಯಾವ ವಿನಾಯಿತಿಯೂ ಬೇಡ. ಹದಿನಾರರಿಂದ ಹದಿನೆಂಟರ ನಡುವೆಯೂ ವಿನಾಯಿತಿ ಸಲ್ಲಬೇಕಾದದ್ದು ಇಬ್ಬರ ವಯಸ್ಸಿನ ಅಂತರ ಐದು ವರ್ಷದೊಳಗಿದ್ದು, ಬೆದರಿಕೆ, ಮೋಸ, ಹಣ, ಮದ್ಯ, ವಿಡಿಯೊ ಯಾವುದೂ ಇಲ್ಲದೆ, ಒಬ್ಬರು ಇನ್ನೊಬ್ಬರ ಪೋಷಕ, ಶಿಕ್ಷಕ, ಮಾಲೀಕ ಅಥವಾ ಒಂದೇ ಮನೆಯ ಹಿರಿಯ ಆಗಿರದಿದ್ದಾಗ ಮಾತ್ರ. ಡೊಂಬಿವಲಿಯ ಪ್ರಕರಣ ವಯಸ್ಸು, ಬೆದರಿಕೆ, ವಿಡಿಯೊ ಈ ಅಳತೆಗಳಿಂದಲೇ ವಿನಾಯಿತಿಯ ಹೊರಗೆ ಉಳಿಯುತ್ತದೆ. ದಲ್ಲಾಳಿಯೂ ಹೊರಗೆ, ಸೋದರಮಾವನೂ ಹೊರಗೆ, ಕೆಲಸ ಕೊಟ್ಟ ಧಣಿಯೂ ಹೊರಗೆ. ಬದಲಿಗೆ, ಪ್ರೇಮ ಪ್ರಕರಣಗಳ ಭಾರ ಇಳಿದರೆ ತನಿಖಾಧಿಕಾರಿಯ ಸಮಯ ಮತ್ತು ವಿಶೇಷ ನ್ಯಾಯಾಲಯದ ದಿನಗಳು ಇಂಥ ಮಕ್ಕಳಿಗೇ ಸಿಗುತ್ತವೆ.

ಎರಡನೆಯ ಆಕ್ಷೇಪ ಕಾನೂನು ಆಯೋಗದ್ದು. ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅಧ್ಯಕ್ಷತೆಯ 22ನೇ ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟ 283ನೇ ವರದಿ ವಯಸ್ಸನ್ನು ಇಳಿಸಬಾರದು ಎಂದಿತು. ಇಳಿಸಿದರೆ ಬಾಲ್ಯವಿವಾಹ ಮತ್ತು ಮಕ್ಕಳ ಸಾಗಣೆಯ ವಿರುದ್ಧದ ಹೋರಾಟ ಸಡಿಲವಾಗುತ್ತದೆ ಎಂಬುದು ಅದರ ಆತಂಕ. ಹದಿನಾರು ದಾಟಿದವರು ತಾವಾಗಿ ಒಪ್ಪಿದ ಪ್ರಕರಣಗಳಲ್ಲಿ ವಯಸ್ಸಿನ ಅಂತರ ಮೂರು ವರ್ಷದೊಳಗೆ ಇದೆಯೇ ಎಂಬಂಥ ಅಂಶಗಳನ್ನು ನೋಡಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆ ನ್ಯಾಯಾಧೀಶರಿಗಿರಲಿ ಎಂದಿತು. ಅಂತರ ಮುಖ್ಯ ಎಂಬುದನ್ನು ಆಯೋಗವೂ ಒಪ್ಪಿದೆ, ಇದು ಸಣ್ಣ ಮಾತಲ್ಲ. ಆದರೆ ಶಿಕ್ಷೆಯ ಹಂತದ ವಿವೇಚನೆ ಬಂಧನ, ಜಾಮೀನು, ವಿಚಾರಣೆ ಎಲ್ಲ ಮುಗಿದ ಮೇಲೆ ಬರುವಂಥದ್ದು. 2025ರ ಮೇ 23ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪಶ್ಚಿಮ ಬಂಗಾಳದ ಪ್ರಕರಣ ಇದಕ್ಕೆ ಸಾಕ್ಷಿ. ಹದಿನಾಲ್ಕರಲ್ಲಿ ಇಪ್ಪತ್ತೈದರವನ ಜೊತೆ ಹೋದ ಹುಡುಗಿ ಮುಂದೆ ಅವನ ಹೆಂಡತಿಯಾಗಿ, ತಾಯಿಯಾಗಿ, ಅವನನ್ನು ಉಳಿಸಿಕೊಳ್ಳಲು ಕೋರ್ಟಿನಿಂದ ಕೋರ್ಟಿಗೆ ಅಲೆದಳು. ಅವನ ಅಪರಾಧ ಅಪರಾಧವೇ ಎಂದ ಪೀಠ, ಅವಳನ್ನು ಸಮಾಜ, ಕುಟುಂಬ, ಕಾನೂನು ವ್ಯವಸ್ಥೆ ಮೂರೂ ಕೈಬಿಟ್ಟವು ಎಂಬುದನ್ನು ಒಪ್ಪಿಕೊಂಡು ವಿಶೇಷಾಧಿಕಾರ ಬಳಸಿ ಶಿಕ್ಷೆ ವಿಧಿಸಲಿಲ್ಲ. ಹನ್ನೊಂದು ವರ್ಷದ ಅಂತರವಿದ್ದ ಈ ಪ್ರಕರಣಕ್ಕೆ ನಾನು ಹೇಳುವ ವಿನಾಯಿತಿ ಅನ್ವಯಿಸುವುದಿಲ್ಲ, ಅನ್ವಯಿಸಲೂ ಬಾರದು. ಅದು ಕಲಿಸುವ ಪಾಠ ಬೇರೆ: ಹದಿನಾಲ್ಕರ ಆ ಹುಡುಗಿಗೆ ಮನೆ ಬಿಡುವ ಮುನ್ನ ಸಹಾಯ ಸಿಕ್ಕಿದ್ದರೆ ಸರ್ವೋಚ್ಚ ನ್ಯಾಯಾಲಯದವರೆಗಿನ ಅಲೆದಾಟವೇ ಬೇಕಿರಲಿಲ್ಲ. ಅಂತರ ಕಡಿಮೆ ಇರುವ ಕಡೆ ವಿನಾಯಿತಿ ಎಫ್‌ಐಆರ್ ಹಂತದಲ್ಲೇ ಇರಲಿ. ಅಂತರ ಹೆಚ್ಚಿರುವ ಕಷ್ಟದ ಪ್ರಕರಣಗಳಿಗೆ ಆಯೋಗ ಹೇಳಿದ ವಿವೇಚನೆ ಇರಲಿ.

ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ 1992ರಲ್ಲಿ ಸೇರಿದ ಭಾರತ 18ರಿಂದ ಕದಲಲಾಗದು ಎಂಬುದು ಮೂರನೆಯ ಮಾತು. ಒಡಂಬಡಿಕೆ ಮಗು ಯಾರೆಂದು ಹೇಳುತ್ತದೆ, ಸಮ್ಮತಿಯ ವಯಸ್ಸನ್ನು ವಿಧಿಸುವುದಿಲ್ಲ. ಕೆನಡಾ 2008ರಲ್ಲಿ ವಯಸ್ಸನ್ನು 14ರಿಂದ 16ಕ್ಕೆ ಏರಿಸುವಾಗಲೇ ಹದಿನಾಲ್ಕು, ಹದಿನೈದರವರ ಮಟ್ಟಿಗೆ ಐದು ವರ್ಷದೊಳಗಿನ ಅಂತರಕ್ಕೆ ವಿನಾಯಿತಿ ಇಟ್ಟಿತು. ಇಂಗ್ಲೆಂಡಿನಲ್ಲಿ 16 ಸಾಕು. ಆದರೆ ಶಿಕ್ಷಕ, ಪಾಲಕರಂಥ ನಂಬಿಕೆಯ ಸ್ಥಾನದಲ್ಲಿರುವವರ ಮಟ್ಟಿಗೆ 18. ಫ್ರಾನ್ಸ್ 2021ರಲ್ಲಿ ಸಾಮಾನ್ಯವಾಗಿ 15 ಎಂದೂ ಕುಟುಂಬದೊಳಗೆ 18 ಎಂದೂ ಗೆರೆ ಎಳೆಯಿತು. ಜಪಾನ್ 2023ರಲ್ಲಿ 13ರಿಂದ 16ಕ್ಕೆ ಏರಿಸಿತು. ಈ ದೇಶಗಳ ಅಂಕಿಗಳು ಬೇರೆಬೇರೆ, ವಿವೇಕ ಒಂದೇ: ಓರಗೆಯವರ ನಡುವೆ ಸ್ವಲ್ಪ ಸಡಿಲ, ಅಧಿಕಾರದ ಮುಂದೆ ಬಿಗಿ. ನಮ್ಮಲ್ಲಿ ಕಾಯ್ದೆಯ 5ನೇ ಕಲಂ ಬಿಗಿಯ ಅರ್ಧವನ್ನು ಆಗಲೇ ಬರೆದಿಟ್ಟಿದೆ. ಸಡಿಲದ ಅರ್ಧ ಬರೆಯುವುದು ಬಾಕಿ ಇದೆ. ಮದುವೆಯ ವಯಸ್ಸನ್ನು ಇದರೊಂದಿಗೆ ಕೂಡಿಸಬೇಕಾಗಿಲ್ಲ, ಅದು ಹುಡುಗಿಗೆ 18 ಆಗಿಯೇ ಇರಲಿ, ಕಟ್ಟುನಿಟ್ಟಾಗಿ ನಡೆಯಲಿ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ ಎಂದು ಹೆದರುವ ಗರ್ಭಿಣಿ ಹುಡುಗಿಯ ಹೆಸರನ್ನು ವೈದ್ಯರು ಬಹಿರಂಗಪಡಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದ್ದು ಇದೇ ವಿವೇಕದ ಇನ್ನೊಂದು ರೂಪ.

ಸಂಸತ್ತು ಕಾಯ್ದೆ ತಿದ್ದುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಆರೋಪಿ ಒಂದೇ ಮನೆಯವನಾದರೆ ಮಗುವನ್ನು ಹೊರಡಿಸುವ ಬದಲು ಅವನನ್ನು ದೂರವಿರಿಸುವ ಜಾಮೀನು ಷರತ್ತುಗಳನ್ನು ನ್ಯಾಯಾಲಯಗಳು ರೂಢಿ ಮಾಡಲಿ. ಮುನ್ಸಿಪಲ್ ಶಾಲೆಗಳಲ್ಲಿ, ಅಂಗನವಾಡಿಗಳಲ್ಲಿ 1098 ಎಂಬ ಮಕ್ಕಳ ಸಹಾಯವಾಣಿಯ ಅಂಕಿಯನ್ನು ಕನ್ನಡವೂ ಸೇರಿದಂತೆ ಮಕ್ಕಳ ಮನೆಮಾತುಗಳಲ್ಲಿ ಬರೆಸಲಿ. ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳು ಉತ್ಸವದ ವೇದಿಕೆಗಳ ಜೊತೆಗೆ, ಪೊಲೀಸ್ ಠಾಣೆಯಲ್ಲಿ ಮಾತು ಬಾರದೆ ನಿಂತ ತಾಯಿಯ ಪಕ್ಕ ನಿಲ್ಲಬಲ್ಲ ನಾಲ್ಕು ಜನರನ್ನು ತಯಾರು ಮಾಡಲಿ. ಮಗುವಿಗೆ ನೆರವಿನ ವ್ಯಕ್ತಿಯನ್ನು ಕೊಡಲು ಪೋಕ್ಸೊ ನಿಯಮಗಳಲ್ಲೇ ಅವಕಾಶವಿದೆ. ತಂದೆತಾಯಿಗೆ ಹೇಳಬೇಕಾದ ಮಾತು ಕಹಿಯಾದರೂ ಹೇಳಲೇಬೇಕು. ಮಗಳು ಯಾರೊಂದಿಗೆ ಹೊರಟುಹೋದಳು ಎಂದು ಹುಡುಕುವಷ್ಟೇ ತವಕದಿಂದ, ಅವಳು ಯಾರ ಜೊತೆ ಮನೆಯೊಳಗೆ ಉಳಿದಿದ್ದಾಳೆ, ಯಾರು ಬಂದಾಗ ಮಾತು ನಿಲ್ಲಿಸುತ್ತಾಳೆ ಎಂಬುದನ್ನೂ ನೋಡಿ. ಅವಳು ಹೇಳಿದ್ದನ್ನು ಮೊದಲು ನಂಬಿ. ಮನೆತನದ ಮಾನ ಕಾಯಲು ಬಳಕೆಯಾಗುವ ಕಾನೂನು ಮಗುವನ್ನು ಕಾಯಲಾರದು. ವಯಸ್ಸು, ಅಂತರ, ಅವಲಂಬನೆ ಮೂರನ್ನೂ ಕೂಡಿಸಿ ತೂಗುವ ಕಾನೂನು ಬರುವವರೆಗೆ ಹದಿನೆಂಟು ಎಂಬ ಗೆರೆ ಅರ್ಧ ನ್ಯಾಯವನ್ನಷ್ಟೇ ಕೊಡುತ್ತದೆ.